ದೇವರು ಕಾಯುತ್ತಾನೆ, ಗುಡ್ಡ ಕಾಯುವುದಿಲ್ಲ

ಶ್ರಾವಣ ಹತ್ತಿರ ಬಂತೆಂದರೆ ಪೇಟೆಯ ಗೋಡೆಗಳಿಗೆ ಯಾತ್ರೆಯ ಪೋಸ್ಟರು ಹತ್ತುತ್ತವೆ. ಕಾಶಿ, ಗಯಾ, ನೇಪಾಳದ ಪಶುಪತಿನಾಥ, ಮುಕ್ತಿನಾಥ. ಊಟ, ತಿಂಡಿ, ವಸತಿ ಸೇರಿ ತಲೆಗೆ ಇಷ್ಟು ರೂಪಾಯಿ, ಇಷ್ಟೇ ದಿನ. ಎಲ್ಲಾ ಬರೆದಿರುತ್ತೆ. ಬಸ್ಸು ಎಂಥ ರಸ್ತೆಯಲ್ಲಿ, ಎಷ್ಟು ಹೊತ್ತಿನಲ್ಲಿ ಹೋಗುತ್ತೆ ಅನ್ನೋದು ಮಾತ್ರ ಇರೋದಿಲ್ಲ.

ಆ ರಸ್ತೆಯ ಸಮಾಚಾರ ಹೀಗಿದೆ. ಸುನೌಲಿ ಗಡಿ ದಾಟಿದ ಬಸ್ಸು ನಾರಾಯಣಘಾಟ್ ಮುಟ್ಟಿ ಉತ್ತರಕ್ಕೆ ತಿರುಗಿದ ಕೂಡಲೇ ಬೆಟ್ಟದ ದಾರಿ. ಮುಗ್ಲಿಂಗ್ ಎಂಬಲ್ಲಿ ಬಲಕ್ಕೆ ಹೋದರೆ ಕಾಠ್ಮಂಡು, ಎಡಕ್ಕೆ ಹೋದರೆ ಪೋಖರಾ. ಒಂದು ಪಕ್ಕ ಕಡಿದ ಗುಡ್ಡ, ಇನ್ನೊಂದು ಪಕ್ಕ ಕೆಳಗೆ ತ್ರಿಶೂಲಿ ನದಿ. ಪೋಖರಾ ಕಡೆಗಾದರೆ ಮರ್ಸ್ಯಾಂಗ್ದಿ ನದಿ.

2024ರ ಜುಲೈ 12ರಂದು ಇದೇ ದಾರಿಯ ಸಿಮಲ್‌ತಾಲ್‌ನಲ್ಲಿ, ಬೆಳಗಿನ ಜಾವ ಗುಡ್ಡ ಕುಸಿದು ಎರಡು ಬಸ್ಸುಗಳನ್ನು ತ್ರಿಶೂಲಿಗೆ ತಳ್ಳಿತು. ಎರಡರಲ್ಲೂ ಸೇರಿ ಸುಮಾರು 65 ಜನ. ಮೂವರು ಹಾರಿಕೊಂಡು ಬದುಕಿದರು. ವಾರಗಟ್ಟಲೆ ಹುಡುಕಿದರೂ ಬಸ್ಸು ಸಿಗಲಿಲ್ಲ. ಆರು ವಾರ ಕಳೆದು ಆಗಸ್ಟ್ 23ರಂದು, ಮಹಾರಾಷ್ಟ್ರದ ಜಳಗಾಂವ್ ಕಡೆಯ ಯಾತ್ರಿಕರಿದ್ದ ಬಸ್ಸು ಪೋಖರಾದಿಂದ ಕಾಠ್ಮಂಡುವಿಗೆ ಬರುವಾಗ ಮರ್ಸ್ಯಾಂಗ್ದಿಗೆ ಉರುಳಿತು. ಸತ್ತವರು 27. ಅದು ಹಾಡುಹಗಲು!

‘ಶಿರಾಡಿ, ಚಾರ್ಮಾಡಿ ಇಳಿಸಿದ ಡ್ರೈವರಿಗೆ ಇದ್ಯಾವ ಲೆಕ್ಕ?’ ಅನ್ನೋ ಏಜೆಂಟರಿದ್ದಾರೆ. ಸ್ವಾಮಿ, ಗುಡ್ಡವೇ ಜಾರಿ ಬಂದರೆ ಡ್ರೈವರ್ ಏನು ಮಾಡಿಯಾನು? ಸಿಮಲ್‌ತಾಲ್ ಆಗಿ ನಾಲ್ಕೇ ದಿನಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯಲ್ಲಿ ನಿಂತ ಲಾರಿ ಗಂಗಾವಳಿ ಸೇರಿದ್ದನ್ನು ಜಿಲ್ಲೆಯ ಜನ ಮರೆತರೆ? ಹಿಮಾಲಯವಂತೂ ಇನ್ನೂ ಬೆಳೀತಿರೋ ಬೆಟ್ಟ, ಸಡಿಲ ಕಲ್ಲು-ಮಣ್ಣು. ರಸ್ತೆಗಾಗಿ ಬುಡ ಕಡಿದ ಮೇಲೆ ಮಳೆ ಸುರಿದರೆ ಜಾರದೆ ಇರುತ್ತದೆಯೇ?

ಗುಡ್ಡವನ್ನು ತಡೆಯೋದು ಯಾರ ಕೈಲೂ ಇಲ್ಲ. ಹೊರಡುವ ತಿಂಗಳು, ಬೆಟ್ಟ ಹತ್ತುವ ಹೊತ್ತು ಮನುಷ್ಯನ ಕೈಲೇ ಇದೆ. ಹದಿನೈದು ದಿನದಲ್ಲಿ ಇಪ್ಪತ್ತು ಕ್ಷೇತ್ರ ತೋರಿಸ್ತೀವಿ ಅಂದವನು ಹಗಲು ದರ್ಶನ ಮಾಡಿಸಿ ರಾತ್ರಿ ಬಸ್ಸು ಓಡಿಸಲೇಬೇಕು. ಒಂದು ರಾತ್ರಿಯ ಲಾಡ್ಜ್ ಖರ್ಚು ಉಳೀತು, ನಿಜ. ನಿದ್ದೆಗೆಟ್ಟ ಡ್ರೈವರ್ ಕೈಲಿ ಐವತ್ತು ಜೀವ! ಮೇಲೆ ಯಾತ್ರಿಕರದ್ದೇ ರಾಗ: ‘ಏನಪ್ಪಾ ಎತ್ತಿನಗಾಡಿ ಥರ ಹೊಡೀತೀಯ, ಬೆಳಗಿನ ಪೂಜೆ ತಪ್ಪುತ್ತೆ!’

ಅಂಗಡಿಯಲ್ಲಿ ಬೇಳೆ ಐವತ್ತು ಗ್ರಾಂ ಕಮ್ಮಿ ಬಿತ್ತೆಂದರೆ ಜಗಳ ತೆಗೆಯುವ ಗಿರಾಕಿ, ಸಾವಿರಗಟ್ಟಲೆ ಎಣಿಸಿಕೊಡುವಾಗ ಏಜೆಂಟನನ್ನು ನಾಲ್ಕು ಮಾತು ಕೇಳೋದಿಲ್ಲ. ಬೆಟ್ಟದಲ್ಲಿ ರಾತ್ರಿ ಪ್ರಯಾಣ ಇದೆಯೇ? ಡ್ರೈವರ್ ಒಬ್ಬನೋ ಇಬ್ಬರೋ? ಆ ದಾರಿ ಬಲ್ಲವನೇ? ರಸ್ತೆ ಬಂದ್ ಆದರೆ ಎರಡು ದಿನ ಕೂರುವುದಕ್ಕೆ ಏರ್ಪಾಡಿದೆಯೇ?

ಪಶುಪತಿನಾಥ ಶ್ರಾವಣಕ್ಕೆ ಮಾತ್ರ ಅಲ್ಲಿರೋದಲ್ಲ. ಮಳೆ ನಿಂತ ಮೇಲೆ, ನವೆಂಬರಿನಲ್ಲೂ ಇರುತ್ತಾನೆ. ಮನೆಯ ಹಿರಿಯರನ್ನು ಕಳಿಸುವವರು ಅಷ್ಟು ದಿನ ತಡೆಯಲಿ. ಕತ್ತಲಾಯ್ತು ಅಂತ ನಾರಾಯಣಘಾಟ್‌ನಲ್ಲೇ ಬಸ್ಸು ನಿಲ್ಲಿಸುವ ಏಜೆಂಟ್ ಸಿಕ್ಕಿದರೆ, ನೂರು ರೂಪಾಯಿ ಜಾಸ್ತಿಯಾದರೂ ಅವನಿಗೇ ಅಡ್ವಾನ್ಸ್ ಕೊಡಲಿ.