ಬೊಂಬೆ ಗೊತ್ತು, ಮರ ಗೊತ್ತಾ?

ಚನ್ನಪಟ್ಟಣದ ಬೊಂಬೆ ಬಗ್ಗೆ ಯಾರೇ ಬರೆಯಲಿ, ಮೊದಲ ಸಾಲಲ್ಲೇ ಟಿಪ್ಪು ಸುಲ್ತಾನ್ ಹಾಜರ್. ಪರ್ಷಿಯಾದಿಂದ ಯಾರೋ ಅರಗಿನ ಬೊಂಬೆ ಕಾಣಿಕೆ ತಂದರಂತೆ, ಸುಲ್ತಾನರಿಗೆ ಇಷ್ಟವಾಗಿ ಅಲ್ಲಿನ ಕುಶಲಕರ್ಮಿಗಳನ್ನೇ ಕರೆಸಿಬಿಟ್ಟರಂತೆ. ಎರಡನೇ ಪ್ಯಾರಾದಲ್ಲಿ ಬವಾಸ್ ಮಿಯಾ, ಜಪಾನಿನ ತಂತ್ರ. ಕೊನೆಗೆ "ನಶಿಸುತ್ತಿರುವ ಕಲೆ" ಅಂತ ಒಂದು ನಿಟ್ಟುಸಿರು. ಇಷ್ಟರ ಮಧ್ಯೆ ಒಂದು ಮರ ಇತ್ತಲ್ಲ ಸ್ವಾಮಿ, ಅದಕ್ಕೆ ಸಿಗೋದು ಅರ್ಧ ಸಾಲು.

ಕಥೆ ಚೆನ್ನಾಗಿದೆ, ಬೇಡ ಅನ್ನಲ್ಲ. ಆದರೆ ಅದೇ ಮೂಲ ಅನ್ನೋದನ್ನ ನಾನು ಒಪ್ಪಲ್ಲ. ಆಂಧ್ರದ ವರಾಹ ನದಿ ದಂಡೆಯಲ್ಲಿ ಏಟಿಕೊಪ್ಪಾಕ ಅಂತ ಒಂದು ಊರಿದೆ. ಅಲ್ಲೂ ಇದೇ ಕಡಚಲು ಕೆಲಸ, ಇದೇ ಅರಗು, ಮರವೂ ಇದೇ! ಅವರು ಅದನ್ನ ಅಂಕುಡು ಅಂತಾರೆ, ನಾವು ಹಾಲೆ (ಕೆಲವರು ಆಲೆ) ಅಂತೀವಿ. ಎರಡೂ ಕಡೆ ಕಲೆಯನ್ನ ಹಿಡಿದು ನಿಲ್ಲಿಸಿದ್ದು ಯಾವ ದೊರೆ? ನನಗೆ ಕಾಣೋದು ಮರವೇ.

ಹಾಲೆ ಮರ ನೋಡೋಕೆ ಅಂಥ ದೊಡ್ಡದೇನಲ್ಲ. ರಾಮನಗರ, ಮಾಗಡಿ, ಕನಕಪುರದ ಕಡೆಯ ಒಣ ಕುರುಚಲು ಕಾಡಿಗೆ ಹೇಳಿ ಮಾಡಿಸಿದ ಮರ. ಎಲೆ ಕಿತ್ತರೆ ಹಾಲು ಒಸರುತ್ತೆ. ಬೇಸಿಗೆಯಲ್ಲಿ ಬಿಳಿ ಹೂವು, ಆಮೇಲೆ ಜೋಡಿ ಜೋಡಿಯಾಗಿ ನೇತಾಡೋ ಉದ್ದನೆ ಕಾಯಿ. ಒಣಗಿ ಬಿರಿದರೆ ರೇಷ್ಮೆಯಂಥ ಕೂದಲು ಹೊತ್ತ ಬೀಜ ಗಾಳಿಗೆ ತೇಲುತ್ತೆ. ದಿಮ್ಮಿ ಮಾತ್ರ ದಂತದಂತೆ ಬಿಳುಪು, ಎಳೆ ಬಲು ಸಣ್ಣ. ಲೇತ್ ಮೇಲೆ ಉಳಿ ಇಟ್ಟರೆ ಹಗುರವಾಗಿ ಸುಲಿಯುತ್ತೆ. ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಅಂಟುತ್ತೆ, ಮೇಲೆ ಕೇದಗೆ ಗರಿ ಒತ್ತಿದರೆ ಹೊಳಪು.

ಇನ್ನೊಂದು ಸಂಗತಿ ಕೇಳಿ. ಟಿಪ್ಪು ಆಳುತ್ತಿದ್ದ ಕಾಲಕ್ಕೇ ಕೋರಮಂಡಲ ಕರಾವಳಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಲಿಯಂ ರಾಕ್ಸ್‌ಬರ್ಗ್ ಇದೇ ಮರದ ಎಲೆಯಿಂದ ನೀಲಿ ಬಣ್ಣ ತೆಗೆಯೋ ಪ್ರಯೋಗ ಮಾಡ್ತಿದ್ದ. ವೈಜ್ಞಾನಿಕ ಹೆಸರಲ್ಲಿ ಇವತ್ತಿಗೂ ಅದರ ಗುರುತಿದೆ: ರೈಟಿಯಾ ಟಿಂಕ್ಟೋರಿಯಾ. ಟಿಂಕ್ಟೋರಿಯಾ ಅಂದರೆ ಬಣ್ಣಕ್ಕೆ ಬರುವಂಥದ್ದು. ರೈಟಿಯಾ ಅನ್ನೋದು ಜಮೈಕಾದಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ರೈಟ್ ನೆನಪಿಗೆ. ನಮ್ಮ ಬೆಟ್ಟದ ಮರಕ್ಕೆ ಜಮೈಕಾ ಡಾಕ್ಟರ ಹೆಸರು, ಅದರ ಬೊಂಬೆಗೆ ಪರ್ಷಿಯಾದ ಕಥೆ! ತಮಿಳರು ಇದರ ಎಲೆಯನ್ನ ಕೊಬ್ಬರಿ ಎಣ್ಣೆಗೆ ಹಾಕಿ ಬಿಸಿಲಿಗಿಟ್ಟು ಚರ್ಮದ ಕಾಯಿಲೆಗೆ ಹಚ್ಚುತ್ತಾರೆ. ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತೆ.

ಇಷ್ಟೆಲ್ಲ ಯಾಕೆ ಕೊರೀತಿದೀನಿ ಅಂದ್ರೆ, ಕಥೆಯಲ್ಲಿ ಇಲ್ಲದ್ದನ್ನ ಯಾರೂ ನೆಡೋದಿಲ್ಲ. ಬೊಂಬೆಗೆ ಭೌಗೋಳಿಕ ಸೂಚಕ ಸಿಕ್ಕಿ ಹೆಚ್ಚೂಕಮ್ಮಿ ಇಪ್ಪತ್ತು ವರ್ಷ ಆಯ್ತು, 2020ರಲ್ಲಿ ಪ್ರಧಾನಿಯ ರೇಡಿಯೋ ಭಾಷಣದಲ್ಲೂ ಹೆಸರು ಬಂತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಊರನ್ನ ಬಳಸಿ ಹೋದ ಮೇಲೆ ಹಳೇ ರಸ್ತೆಯ ಅಂಗಡಿಗಳ ವ್ಯಾಪಾರ ಬಿತ್ತು ಅಂತ ಎಲ್ಲರೂ ಬರೆದರು, ಸರಿಯೇ. ಮರದ ಬಗ್ಗೆ ಬರೆದವರು ಎಷ್ಟು ಜನ? ಈಗ ರಬ್ಬರ್ ಮರ, ಪೈನ್ ಕೂಡ ಲೇತಿಗೆ ಏರುತ್ತಿವೆ. ಹಾಲೆಯನ್ನ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ, ಬದುವಿನಲ್ಲೂ ಬೆಳೆಯುತ್ತೆ. ನೀಲಗಿರಿ ನೆಡೋಕೆ ತೋರಿಸಿದ ಉತ್ಸಾಹದ ಕಾಲು ಭಾಗ ಇದಕ್ಕೆ ತೋರಿಸಿದ್ದರೆ ಸಾಕಿತ್ತು. ಜಿಲ್ಲೆಯ ಹೆಸರನ್ನ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಮಾಡೋಕೆ ಪುರುಸೊತ್ತು ಸಿಕ್ಕಿತು, ಶಾಲೆ ಅಂಗಳಕ್ಕೆ ಎರಡು ಹಾಲೆ ಸಸಿ ಇಡಿಸೋಕೆ ಇನ್ನೂ ಸಿಕ್ಕಿಲ್ಲ :(

ಅಂದ ಹಾಗೆ ಕರಾವಳಿಯ ಗೆಳೆಯರೇ, ನೀವು ಆಟಿ ಅಮಾವಾಸ್ಯೆಗೆ ಕಷಾಯ ಕುಡಿಯೋ ಹಾಲೆ ಬೇರೆ ಮರ, ಇದನ್ನ ಕೆತ್ತಿ ಕುಡಿದುಬಿಟ್ಟೀರ! ಉಳಿದವರು ನಿಮ್ಮ ಕಡೆ ಈ ಮರ ಇದೆಯಾ, ಏನಂತ ಕರೀತೀರಿ, ತಿಳಿಸಿ.