ಭೂತವನ್ನಲ್ಲ, ಸುತ್ತ ನಿಂತವರನ್ನು ನೋಡಿ

ಒಂದು ಜಗಳ ನಮ್ಮ ಗುಂಪಿನಲ್ಲಿ ಇನ್ನೂ ಮುಗಿದಿಲ್ಲ. ‘ಕಾಂತಾರ’ ದೊಡ್ಡ ಸಿನಿಮಾವೋ, ‘ಸು ಫ್ರಮ್ ಸೋ’ ದೊಡ್ಡ ಸಿನಿಮಾವೋ? ಬಂಟ್ವಾಳದವರು ಒಂದು ಕಡೆ, ಮೂಡುಬಿದಿರೆಯವರು ಇನ್ನೊಂದು ಕಡೆ. ಬೆಳ್ತಂಗಡಿಯವರು ಮಧ್ಯದಲ್ಲಿ ಕೂತು ಎರಡು ಕಡೆಯವರಿಗೂ ಬೈಯುತ್ತಾರೆ. ವಾಟ್ಸಾಪಿನಲ್ಲಿ ರಾತ್ರಿ ಒಂದು ಗಂಟೆಯವರೆಗೆ ಹೊಡೆದಾಡಿಕೊಂಡ ಮೇಲೆ ನಮ್ಮಲ್ಲೊಬ್ಬಳು ಒಂದು ಪ್ರಶ್ನೆ ಹಾಕಿದಳು: “ಎರಡರಲ್ಲೂ ಭೂತ ಉಂಟು. ಆದರೆ ಭೂತ ಬರುವಾಗ ಸುತ್ತ ನಿಂತವರು ಯಾರು, ಅವರಿಗೆ ಕೊನೆಗೆ ಎಂತ ಸಿಕ್ಕಿತು ಅಂತ ಯಾರಾದರೂ ನೋಡಿದ್ದೀರಾ?”

ಯಾರೂ ಉತ್ತರ ಕೊಡಲಿಲ್ಲ. ಮರುದಿನ ಈ ಬರಹ ಶುರುವಾಯಿತು.

ಪತ್ರಿಕೋದ್ಯಮದ ಕ್ಲಾಸಿನಲ್ಲಿ ನಾವು ಸಿನಿಮಾ ವಿಮರ್ಶೆ ಬರೆಯಲು ಕಲಿತದ್ದು ಹೀಗೆ: ಕಥೆ, ನಟನೆ, ಹಾಡು, ಕ್ಯಾಮೆರಾ, ಕೊನೆಗೆ ಐದರಲ್ಲಿ ಎಷ್ಟು ಸ್ಟಾರ್. ಊರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಕೇಳುವ ವಿಮರ್ಶೆ ಬೇರೆ: “ನೇಮದ ಸೀನ್ ಭಾರೀ ಆಯ್ತು ಮಾರಾಯ್ರೆ, ಮೈ ಜುಂ ಅಂದಿತು.” ಎರಡೂ ತಪ್ಪಲ್ಲ. ಆದರೆ ಕರಾವಳಿಯ ಕಥೆಗೆ ಇನ್ನೊಂದು ಅಳತೆ ಬೇಕು ಎಂದು ನಮಗೆ ಅನಿಸುತ್ತದೆ. ಸಿನಿಮಾ ಭೂತವನ್ನು ನಂಬುತ್ತದೋ ಇಲ್ಲವೋ ಎನ್ನುವುದು ಮುಖ್ಯವಲ್ಲ. ಭೂತದ ಎದುರು ಕೈಮುಗಿದು ನಿಂತ ಮನುಷ್ಯರನ್ನು ಅದು ಎಷ್ಟು ಹೊತ್ತು ನೋಡುತ್ತದೆ ಎನ್ನುವುದು ಮುಖ್ಯ. ಈ ಅಳತೆ ಹಿಡಿದುಕೊಂಡು ಹಳೆಯ ಎರಡು, ಹೊಸ ಎರಡು ನೋಡಿದೆವು.

ಚೋಮನ ದುಡಿ (1975)

ಇದನ್ನು ನಿರ್ದೇಶಿಸಿದ ಬಿ.ವಿ. ಕಾರಂತರು ನಮ್ಮ ಬಂಟ್ವಾಳ ತಾಲೂಕಿನ ಮಂಚಿಯವರು. ಕಥೆ ಶಿವರಾಮ ಕಾರಂತರದ್ದು, ಕಾದಂಬರಿ ಬಂದದ್ದು 1933ರಲ್ಲಿ. ಆ ವರ್ಷದ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು.

ನಮ್ಮಲ್ಲಿ ಮೂವರು ಇದನ್ನು ಮೊದಲ ಸಲ ನೋಡಿದ್ದು ಮೊಬೈಲಿನಲ್ಲಿ, ತುಂಡು ತುಂಡಾಗಿ. ನಿಧಾನ ಅನಿಸುತ್ತದೆ, ಸುಳ್ಳು ಹೇಳುವುದಿಲ್ಲ. ಮೊದಲ ಇಪ್ಪತ್ತು ನಿಮಿಷ ಒಬ್ಬ ಎರಡು ಸಲ ನಿದ್ದೆ ಹೋದ. ಆಮೇಲೆ ಬಿಡಲಿಕ್ಕಾಗಲಿಲ್ಲ.

ಚೋಮನಿಗೆ ಬೇಕಾದದ್ದು ಒಂದೇ: ತಾನೂ ಬೇಸಾಯ ಮಾಡಬೇಕು. ಎತ್ತು ಉಂಟು, ಗದ್ದೆ ಇಲ್ಲ. ಹಳೆ ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕು. ಮಗಳು ಬೆಳ್ಳಿಯ ಬದುಕು ಆ ಸಾಲದಲ್ಲೇ ಹೋಗುತ್ತದೆ. ಜಾಗ ಸಿಗಬಹುದೆಂದು ಮತ ಬದಲಿಸಲು ಹೊರಟ ಚೋಮನನ್ನು ತಡೆಯುವುದು ಪಂಜುರ್ಲಿಯ ಮೇಲಿನ ಭಕ್ತಿ. ಈಗ ಯೋಚಿಸಿ. ಇಲ್ಲಿ ದೈವ ಆರ್ಭಟ ಮಾಡುವುದಿಲ್ಲ, ಬೆಂಕಿಯಲ್ಲಿ ಕುಣಿಯುವುದಿಲ್ಲ. ಆದರೆ ಒಬ್ಬ ಮನುಷ್ಯನ ಎದೆಯೊಳಗೆ ದೈವ ಎಷ್ಟು ಭಾರ ಇರುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಸಿನಿಮಾ ನಾವು ನೋಡಿಲ್ಲ.

ಇನ್ನೊಂದು ಸಂಗತಿ. ಸಿನಿಮಾ ಬರುವ ಹಿಂದಿನ ವರ್ಷ, 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ನಮ್ಮ ಅನೇಕ ಮನೆಗಳಲ್ಲಿ ಇವತ್ತಿಗೂ “ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಜಾಗ” ಎನ್ನುತ್ತಾರಲ್ಲ, ಅದೇ. ಗೇಣಿಗೆ ಮಾಡುತ್ತಿದ್ದವರಿಗೆ ಜಾಗ ಬಂತು. ಆದರೆ ಚೋಮ ಗೇಣಿದಾರನೇ ಅಲ್ಲ, ಮೂಲದ ಆಳು. ಅವನ ಹೆಸರಿನಲ್ಲಿ ಡಿಕ್ಲರೇಶನ್ ಕೊಡಲಿಕ್ಕೂ ದಾರಿ ಇರಲಿಲ್ಲ. ನಮ್ಮಲ್ಲೊಬ್ಬನ ಅಜ್ಜಿ ಪಕ್ಕದಲ್ಲಿ ಕೂತು ನೋಡಿದರು. ಮುಗಿದ ಮೇಲೆ ಸಿನಿಮಾ ಬಗ್ಗೆ ಒಂದು ಮಾತೂ ಹೇಳಲಿಲ್ಲ. “ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದವರು ಈಗ ಕಾಲನಿಯಲ್ಲಿ ಐದು ಸೆಂಟ್ಸಲ್ಲಿ ಇದ್ದಾರೆ” ಎಂದು ಹೇಳಿ ಎದ್ದು ಹೋದರು.

ಗುಡ್ಡದ ಭೂತ

ತೊಂಬತ್ತರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ. ಆಗ ನಾವು ಯಾರೂ ಹುಟ್ಟಿರಲಿಲ್ಲ. ಅಪ್ಪ ಅಮ್ಮ ಹೇಳಿದ ಕಥೆ ಕೇಳಿ ಬೆಳೆದವರು ನಾವು: ಟಿವಿ ಇದ್ದ ಒಂದು ಮನೆಗೆ ಇಡೀ ಊರು ಹೋಗುತ್ತಿದ್ದದ್ದು, ವಾಪಸು ಬರುವಾಗ ಟಾರ್ಚ್ ಇದ್ದರೂ ಗುಂಪಾಗಿಯೇ ಬರುತ್ತಿದ್ದದ್ದು. ನಿರ್ದೇಶಕ ಸದಾನಂದ ಸುವರ್ಣರು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ನಿರ್ಮಾಪಕರೂ ಅವರೇ. ಇವತ್ತು ಇಡೀ ದೇಶಕ್ಕೆ ಗೊತ್ತಿರುವ ಪ್ರಕಾಶ್ ರೈ ಇದರಲ್ಲಿ ಹುಡುಗನಂತೆ ಕಾಣುತ್ತಾರೆ.

ಈಗ ನೋಡಿದರೆ ಬೆಳಕು ಸಾಲದು, ಧ್ವನಿ ಗೊರಗೊರ. ಆದರೂ ‘ಡೆನ್ನಾನ’ ಹಾಡು ಶುರುವಾದ ಕೂಡಲೇ ಕೈಯ ರೋಮ ನಿಲ್ಲುತ್ತದೆ. 2015ರಲ್ಲಿ ‘ರಂಗಿತರಂಗ’ ಇದೇ ಹಾಡಿನ ನೆನಪನ್ನು ಮತ್ತೆ ಎಬ್ಬಿಸಿತು. ಅದರಲ್ಲಿ ಕಾಡು, ಮಳೆ, ಕತ್ತಲೆ ಎಲ್ಲ ಚಂದ ಉಂಟು. ಆದರೆ ನಮಗೆ ಹಳೆಯದೇ ಹೆಚ್ಚು ಹತ್ತಿರ. ಕಾರಣ, ‘ಗುಡ್ಡದ ಭೂತ’ ಭೂತಕ್ಕಿಂತ ಭೂತದ ಹೆದರಿಕೆಯನ್ನು ನೋಡುತ್ತದೆ. ಯಾರು ಹೆದರುತ್ತಾರೆ, ಯಾರು ಹೆದರಿದವರಂತೆ ಮಾಡುತ್ತಾರೆ, ಹೆದರಿಕೆಯಿಂದ ಬಾಯಿ ಮುಚ್ಚಿದವರು ಯಾರು. ಪತ್ತೇದಾರಿ ಕಥೆಗೆ ನಮ್ಮ ಊರಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ, ಕೇಳಿದರೆ ಯಾರೂ ಹೇಳುವುದಿಲ್ಲ.

ಕಾಂತಾರ (2022)

ಮೊದಲೇ ಹೇಳಿಬಿಡುತ್ತೇವೆ. ಇದನ್ನು ಥಿಯೇಟರಿನಲ್ಲಿ ನೋಡಿ ನಾವೆಲ್ಲ ಅತ್ತಿದ್ದೇವೆ. ಕೊನೆಯ ಇಪ್ಪತ್ತು ನಿಮಿಷಕ್ಕೆ ನಮ್ಮ ಬಳಿ ಯಾವ ತಕರಾರೂ ಇಲ್ಲ. ರಿಷಬ್ ಶೆಟ್ಟಿ ತಮ್ಮದೇ ಊರಾದ ಕೆರಾಡಿಯಲ್ಲಿ ಚಿತ್ರೀಕರಿಸಿದ ಈ ಸಿನಿಮಾ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಹಿಂದೆ ಕನ್ನಡ ಸಿನಿಮಾದಲ್ಲಿ ನಮ್ಮ ಕಡೆಯ ಮಾತು ಬಂದರೆ ಅದು ನಗಿಸಲಿಕ್ಕೆ. ಹೋಟೆಲ್ ಭಟ್ಟ, ಇಲ್ಲ ಪೆದ್ದ ಮೇಷ್ಟ್ರು. ಇಲ್ಲಿ ಹೀರೋನೇ ಕುಂದಾಪುರದ ಕಡೆಯ ಕನ್ನಡ ಮಾತಾಡಿದ, ದೇಶವೇ ಸುಮ್ಮನೆ ಕೂತು ಕೇಳಿತು. ಅದು ಸಣ್ಣ ವಿಷಯವಲ್ಲ.

ಇನ್ನೊಂದೂ ಆಯಿತು. ಸಿನಿಮಾ ಬಂದ ತಿಂಗಳೊಳಗೆ, 2022ರ ಅಕ್ಟೋಬರಿನಲ್ಲಿ, 60 ವರ್ಷ ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಕೊಡುವುದಾಗಿ ರಾಜ್ಯ ಸರ್ಕಾರ ಘೋಷಿಸಿತು. ಸಿನಿಮಾದಿಂದ ಎಂತ ಆಗುತ್ತದೆ ಎಂದು ಕೇಳುವವರಿಗೆ ಇದು ಉತ್ತರ.

ಆದರೆ ನಮ್ಮ ಅಳತೆ ಇಟ್ಟು ನೋಡಿದರೆ ಎರಡು ಕಡೆ ಮನಸ್ಸು ಎಳೆಯುತ್ತದೆ. ಒಂದು, ಲೀಲಾ. ಊರಿನದೇ ಹುಡುಗಿ, ಓದಿ ಫಾರೆಸ್ಟ್ ಗಾರ್ಡ್ ಆದವಳು. ಮೊದಲ ದಿನವೇ ತನ್ನ ಜನರ ಎದುರು ಬೇಲಿ ಹಾಕುವ ಕಡೆ ನಿಲ್ಲಬೇಕಾಗುತ್ತದೆ. ಇಡೀ ಕಥೆಯಲ್ಲಿ ಅತಿ ಕಷ್ಟದ ಜಾಗದಲ್ಲಿ ನಿಂತವಳು ಅವಳೇ. ಅವಳ ಸೊಂಟ ಚಿವುಟಲು ಸಿನಿಮಾಕ್ಕೆ ಸಮಯ ಸಿಗುತ್ತದೆ, ಅವಳ ಮನಸ್ಸಿನೊಳಗೆ ಹೋಗಲು ಸಿಗುವುದಿಲ್ಲ. ನಮ್ಮ ಗುಂಪಿನ ಹುಡುಗಿಯರು ಊರಿನಿಂದ ಓದಿ ಹೊರಟವರು. ಅವರಿಗೆ ಇದು ಸಿಟ್ಟು ತರಿಸಿತು.

ಎರಡು, ಜಾಗ. 1847ರಲ್ಲಿ ರಾಜ ಕೊಟ್ಟ ಭೂಮಿಯ ಲೆಕ್ಕವನ್ನು 1990ರಲ್ಲಿ ದೈವ ಬಂದು ಮುಗಿಸುತ್ತದೆ, ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಗೆ ಸೇರಿಸುತ್ತದೆ. ನೋಡಲು ಚಂದ. ಆದರೆ ಬೆಳ್ತಂಗಡಿಯವರಿಗೆ ಕುತ್ಲೂರು ಗೊತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಮಲೆಕುಡಿಯ ಕುಟುಂಬಗಳ ಮನೆಗಳುಂಟು. ಅಲ್ಲಿ ರಸ್ತೆ, ಕರೆಂಟು ಎಂದರೆ ಅರಣ್ಯ ಇಲಾಖೆಯ ಅನುಮತಿಯ ಮಾತು, ಅರ್ಜಿ ಹಿಡಿದು ಅಲೆಯುವ ಮಾತು. ಅಲ್ಲಿಯೂ ದೈವಗಳು ಉಂಟು, ನೇಮ ಆಗುತ್ತದೆ. ಆದರೆ ಅರ್ಜಿಯ ಮೇಲೆ ಸಹಿ ಹಾಕಬೇಕಾದದ್ದು ಮನುಷ್ಯರೇ. ಸಿನಿಮಾ ಮುಗಿಸಿ ಹೊರಗೆ ಬಂದವರು ಸಮಸ್ಯೆಯೂ ಮುಗಿಯಿತು ಎಂದುಕೊಂಡರೆ ಅದು ಕುತ್ಲೂರಿನವರಿಗೆ ನಷ್ಟ.

ಸು ಫ್ರಮ್ ಸೋ (2025)

ಜೆ.ಪಿ. ತುಮಿನಾಡು ಬರೆದು, ನಿರ್ದೇಶಿಸಿ, ತಾವೇ ಅಶೋಕನ ಪಾತ್ರ ಮಾಡಿದ ಸಿನಿಮಾ. ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು, ಗುರೂಜಿಯಾಗಿ ಬಂದು ನಗಿಸುತ್ತಾರೆ. ತಪ್ಪು ಮಾಡಿ ಸಿಕ್ಕಿಬೀಳುವ ಹೊತ್ತಿಗೆ ಅಶೋಕ ಮೈಮೇಲೆ ಬಂದವನಂತೆ ಮಾಡುತ್ತಾನೆ. ಬಂದದ್ದು ಯಾರು? ಸೋಮೇಶ್ವರದ ಸುಲೋಚನ. ಅಲ್ಲಿಂದ ಇಡೀ ಊರಿಗೆ ಗ್ರಹಚಾರ ಹಿಡಿಯುತ್ತದೆ.

ನಮ್ಮೂರಿನ ಮದುವೆ ಮನೆಯ ಹಿಂದಿನ ರಾತ್ರಿಯನ್ನು ಇಷ್ಟು ಸರಿಯಾಗಿ ಯಾರೂ ತೋರಿಸಿರಲಿಲ್ಲ. ತರಕಾರಿ ಹೆಚ್ಚುವವರು, ಹೆಚ್ಚದೆ ಸಲಹೆ ಕೊಡುವವರು, ಒಬ್ಬ ಭಾವ, ಎಲ್ಲರ ಸಮಸ್ಯೆಗೂ ತಾನೇ ಮುಂದೆ ನಿಲ್ಲುವ ಒಬ್ಬ ರವಿಯಣ್ಣ. ನಿಮ್ಮ ಊರಿನಲ್ಲೂ ಒಬ್ಬ ರವಿಯಣ್ಣ ಇದ್ದಾರೆ, ಈಗಲೇ ನಿಮಗೆ ಅವರ ಮುಖ ನೆನಪಾಗಿರಬೇಕು.

ನಗು ಮುಗಿಯುವ ಹೊತ್ತಿಗೆ ಸಿನಿಮಾ ಸುಲೋಚನಳ ಮಗಳು ಭಾನುವಿನ ಮನೆಗೆ ಹೋಗುತ್ತದೆ. ಸುಳ್ಳು ಭೂತದ ಹೆಸರಿನಲ್ಲಿ ಹೋದವರಿಗೆ ನಿಜವಾದ ಒಬ್ಬ ಹೆಣ್ಣಿನ ಸಂಕಟ ಸಿಗುತ್ತದೆ. ಅಲ್ಲಿಗೆ ಭೂತ ಹಿಂದೆ ಸರಿಯುತ್ತದೆ, ಜನ ಮುಂದೆ ಬರುತ್ತಾರೆ. ನಮ್ಮ ಅಳತೆಯಲ್ಲಿ ಇದೇ ಗೆದ್ದದ್ದು.

ಹಾಗಂತ ಪೂರ್ತಿ ಮಾರ್ಕು ಕೊಡುವುದಿಲ್ಲ. ಎಲ್ಲ ಶುರುವಾದದ್ದು ಒಬ್ಬ ಹುಡುಗಿ ಸ್ನಾನ ಮಾಡುವಾಗ ಅಶೋಕ ಇಣುಕಿದ್ದರಿಂದ. ನಾವೂ ನಕ್ಕೆವು. ಮನೆಗೆ ಬರುವ ಬಸ್ಸಿನಲ್ಲಿ ನಮ್ಮಲ್ಲೊಬ್ಬಳು ಕೇಳಿದಳು: “ಆ ಹುಡುಗಿಗೆ ಎಂತ ಆಯಿತು?” ಯಾರಿಗೂ ನೆನಪಿರಲಿಲ್ಲ. ಭಾನುವಿನ ಪರ ನಿಂತ ಸಿನಿಮಾ ಇವಳನ್ನು ಮರೆತಿತು, ಅದರ ಜೊತೆ ನಾವೂ ಮರೆತೆವು.

ಹಾಗಾದರೆ ನಮಗೆ ಎಂತ ಬೇಕು?

“ಸಿನಿಮಾ ಅಂದರೆ ಸಿನಿಮಾ, ನೋಡಿ ಖುಷಿಪಟ್ಟು ಬಿಡಿ” ಎನ್ನುವವರು ಇದ್ದಾರೆ. ಇರಬಹುದು. ಆದರೆ ನಮ್ಮ ಭೂತ ಈಗ ಊರಿನ ಗಡಿ ದಾಟಿದೆ. 2025ರ ಅಕ್ಟೋಬರಿನಲ್ಲಿ ‘ಕಾಂತಾರ’ದ ಮುಂದಿನ ಭಾಗ ಬಂದಾಗ ಥಿಯೇಟರಿಗೆ ದೈವದ ವೇಷ ಹಾಕಿ ಬಂದವರಿದ್ದರು. ದೈವದ ಅನುಕರಣೆ ಮಾಡಬೇಡಿ ಎಂದು ಸಿನಿಮಾ ಮಾಡಿದ ಹೊಂಬಾಳೆ ಸಂಸ್ಥೆಯೇ ವಿನಂತಿ ಮಾಡಬೇಕಾಯಿತು. ವೇಷ ಮಾತ್ರ ಕಂಡವರು ವೇಷವನ್ನೇ ಹಾಕುತ್ತಾರೆ. ಅವರಿಗೆ ಬೈದು ಪ್ರಯೋಜನವಿಲ್ಲ. ವೇಷದೊಳಗಿನ ಮನುಷ್ಯನನ್ನು ನಾವು ತೋರಿಸಿದ್ದೇವೋ ಎಂದು ಕೇಳಿಕೊಳ್ಳಬೇಕು.

ಪಂಬದ, ನಲಿಕೆ, ಪರವ ಸಮುದಾಯದವರು ಭೂತ ಕಟ್ಟುತ್ತಾರೆ. ರಾತ್ರಿ ಅವರ ಎದುರು ಗುತ್ತಿನ ಯಜಮಾನರೂ ತಲೆತಗ್ಗಿಸುತ್ತಾರೆ. ಬೆಳಿಗ್ಗೆ ಬಣ್ಣ ತೆಗೆದ ಮೇಲೆ ಅದೇ ಮನುಷ್ಯನಿಗೆ ಚಾ ಎಲ್ಲಿ ಕೊಡುತ್ತೇವೆ? ಅಂಗಳದಲ್ಲೋ, ಚಾವಡಿಯಲ್ಲೋ? ಯಾವ ಲೋಟದಲ್ಲಿ? ಇದನ್ನು ಬೇರೆಯವರ ಮನೆಯ ಬಗ್ಗೆ ಬರೆಯುತ್ತಿಲ್ಲ. ನಮ್ಮಲ್ಲಿ ಇಬ್ಬರ ಮನೆಯಲ್ಲಿ ಹಿತ್ತಲ ಕಟ್ಟೆಯ ಮೇಲೆ ಬೇರೆ ಲೋಟ ಇದ್ದದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೇವೆ, ಏನೂ ಕೇಳಿಲ್ಲ.

ಆ ಬೆಳಿಗ್ಗೆಯ ಸಿನಿಮಾ ನಮಗೆ ಬೇಕು. ಪ್ರಯತ್ನ ಆಗಲೇ ಇಲ್ಲ ಎಂದಲ್ಲ. ದೈವ ಕಟ್ಟುವವನ ಬದುಕನ್ನೇ ಹಿಡಿದ ತುಳು ಸಿನಿಮಾ ‘ಮದಿಪು’ 2017ರಲ್ಲಿ ಬಂತು, ಅತ್ಯುತ್ತಮ ತುಳು ಚಿತ್ರ ಎಂದು ರಾಷ್ಟ್ರಪ್ರಶಸ್ತಿಯೂ ಬಂತು. ನಿಮ್ಮ ಮನೆಯಲ್ಲಿ ಎಷ್ಟು ಜನ ನೋಡಿದ್ದೀರಿ? ನಮ್ಮ ಗುಂಪಿನಲ್ಲಿ ಬರೇ ಇಬ್ಬರು.

ಮಳೆಗಾಲದ ಸಂಜೆ ಕರೆಂಟು ಇದ್ದರೆ, ನೆಟ್ಟು ಸಿಕ್ಕಿದರೆ, ಮೊದಲು ‘ಚೋಮನ ದುಡಿ’ ನೋಡಿ, ಅದು ಮುಗಿದ ಮೇಲೆ ‘ಸು ಫ್ರಮ್ ಸೋ’. ಸಾಧ್ಯವಾದರೆ ಮನೆಯ ಹಿರಿಯರ ಜೊತೆ ಕೂತು. ಅವರು ಸಿನಿಮಾ ಬಿಟ್ಟು ಬೇರೆ ಎಂತಾದರೂ ಮಾತಾಡಲು ಶುರು ಮಾಡಿದರೆ ತಡೆಯಬೇಡಿ, ಮೊಬೈಲ್ ಕೆಳಗಿಟ್ಟು ಕೇಳಿ. ಪತ್ತನಾಜೆ ಕಳೆದು, ಮಳೆಗಾಲ ಮುಗಿದು ಮತ್ತೆ ನೇಮಗಳು ಶುರುವಾಗುವಾಗ ನಾವೂ ಒಂದು ಕೆಲಸ ಮಾಡುವವರಿದ್ದೇವೆ. ರಾತ್ರಿ ವಿಡಿಯೋ ತೆಗೆಯುವುದಿಲ್ಲ. ಬೆಳಿಗ್ಗೆ ಹೋಗಿ, ಬಣ್ಣ ತೊಳೆದವರ ಪಕ್ಕ ಕೂತು, ಒಟ್ಟಿಗೆ ಚಾ ಕುಡಿದು, ಅವರು ಹೇಳಿದ್ದನ್ನು ಬರೆಯುತ್ತೇವೆ.