'ಟುಮಾರೋ' ಎಲ್ಲಿ ಕೂತರೆ ನಿಮಗೇನು ಕಷ್ಟ?

"ವೆನ್ ಟುಮಾರೋ ಹಿ ಕಮ್ಸ್, ಐ ವಿಲ್ ಟೆಲ್." ದಾಂಡೇಲಿ ಕಡೆಯ ಹುಡುಗಿಯೊಬ್ಬಳು ಇಂಟರ್‌ವ್ಯೂನಲ್ಲಿ ಹೀಗಂದರೆ ಮೇಜಿನ ಈಚೆ ಕೂತ ನಾವು ಮುಖ ಮುಖ ನೋಡಿಕೊಳ್ಳುತ್ತೇವೆ. 'ಕಮ್ಯುನಿಕೇಶನ್' ಕಾಲಮ್ಮಿನಲ್ಲಿ ಮಾರ್ಕ್ಸ್ ಕಟ್. ಯಾಕೆ, ಅವಳು ಹೇಳಿದ್ದು ಅರ್ಥ ಆಗಲಿಲ್ವಾ? ಪೂರ್ತಿ ಆಯ್ತು. ತಪ್ಪು ಇಷ್ಟೇ: ಉಪವಾಕ್ಯದೊಳಗೆ 'ಟುಮಾರೋ' ಅನ್ನೋ ಕ್ರಿಯಾವಿಶೇಷಣ 'ಕಮ್ಸ್' ಆದಮೇಲೆ ಬರಬೇಕಿತ್ತು, ಮೊದಲೇ ಬಂತು.

ಇದನ್ನು ನಾವು ದಡ್ಡತನ ಅಂತ ಎಣಿಸುತ್ತೇವೆ. ದಡ್ಡತನ ಅಲ್ಲ, ಲೆಕ್ಕ. ಹಳಿಯಾಳದಲ್ಲಿ ಕನ್ನಡದ ಜೊತೆ ಮರಾಠಿ ಇದೆ, ಸಿದ್ದಿಗಳ ಮನೆಮಾತಿದೆ. ಜೋಯಿಡಾದ ಕುಣಬಿಗಳದ್ದು ಕೊಂಕಣಿ. ದಾಂಡೇಲಿಯ ಪೇಪರ್ ಮಿಲ್ಲು ಊರಿಗೆ ಹತ್ತಾರು ಕಡೆಯ ಜನರನ್ನು ಕರೆತಂದಿದೆ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ ಕ್ಯಾಂಪ್ ಇದೆ. ಕನ್ನಡ ದ್ರಾವಿಡ ನುಡಿ, ಕೊಂಕಣಿ-ಮರಾಠಿ-ಉರ್ದು ಇನ್ನೊಂದು ಬಳಗ, ಟಿಬೆಟಿಯನ್ ಮತ್ತೊಂದು. ಬೇರು ಬೇರೆಯಾದರೂ ಎಲ್ಲದರಲ್ಲೂ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ. 'ನಾಳೆ', 'ಬೇಗ', 'ಯಾವಾಗಲೂ' ಅದಕ್ಕೂ ಮುಂಚೆ. 'ನಾಳೆ ಅವನು ಬಂದಾಗ' ಅಂತ ಯೋಚಿಸುವ ಮಗು 'ವೆನ್ ಟುಮಾರೋ ಹಿ ಕಮ್ಸ್' ಅಂದರೆ ಅದರಲ್ಲಿ ಆಶ್ಚರ್ಯ ಏನಿದೆ?

ಅಷ್ಟಕ್ಕೂ ನಮ್ಮ ಪದ್ಧತಿಯೇನು ಕಳಪೆಯಲ್ಲ. "ಪೀಪಲ್ ಹೂ ರೀಡ್ ಆಫನ್ ಗೆಟ್ ಪ್ರಮೋಟೆಡ್." ಈ 'ಆಫನ್' ಯಾರಿಗೆ ಸೇರಿದ್ದು? ಓದುವುದಕ್ಕೋ, ಪ್ರಮೋಷನ್ನಿಗೋ? ಬರಹದಲ್ಲಿ ಇಂಗ್ಲಿಷ್ ಎರಡು ಕಡೆಗೂ ತಲೆ ಆಡಿಸುತ್ತದೆ. ಕನ್ನಡದಲ್ಲಿ 'ಆಗಾಗ ಓದುವವರಿಗೆ ಪ್ರಮೋಷನ್ ಸಿಗುತ್ತೆ' ಬೇರೆ, 'ಓದುವವರಿಗೆ ಆಗಾಗ ಪ್ರಮೋಷನ್ ಸಿಗುತ್ತೆ' ಬೇರೆ. 'ಓದುವ' ಅನ್ನೋ ಕೃದಂತ ಗೇಟು ಹಾಕಿಬಿಡುತ್ತದೆ. ಒಳಗಿನದು ಒಳಗೆ, ಹೊರಗಿನದು ಹೊರಗೆ.

ನಾವು ನಗುವ ಇನ್ನೊಂದು ಪದ 'ಓನ್ಲಿ'. "ಯೆಸ್ಟರ್ಡೇ ಓನ್ಲಿ ಐ ಸೆಂಟ್." 'ನಿನ್ನೆಯೇ'ಯ ಏಕಾರ ಅದು. ಮರಾಠಿ, ಕೊಂಕಣಿಯಲ್ಲಿ 'ಚ್', ಉರ್ದುವಿನಲ್ಲಿ 'ಹೀ'. ಯಾವ ಪದಕ್ಕೆ ಒತ್ತು ಬೇಕೋ ಅದರ ಬೆನ್ನಿಗೇ ಅಂಟುತ್ತದೆ. ಇಂಗ್ಲಿಷಿನವರೇ ಈ 'ಓನ್ಲಿ' ಎಲ್ಲಿರಬೇಕು ಅಂತ ತಲೆಮಾರುಗಟ್ಟಲೆ ಜಗಳ ಆಡಿದ್ದಾರೆ. ಗೊಂದಲ ಆಗದಿದ್ದರೆ ಅದರ ಜಾಗದ ಬಗ್ಗೆ ಹಟ ಹಿಡಿಯುವುದು ಬರೀ ಪಾಂಡಿತ್ಯದ ಗತ್ತು ಅನ್ನೋ ಅರ್ಥದಲ್ಲಿ ಫೌಲರ್ 1926ರಲ್ಲೇ ತನ್ನ ಪ್ರಸಿದ್ಧ ಬಳಕೆ-ಕೋಶದಲ್ಲಿ ಬರೆದ. ನಾವು ಮಾತ್ರ ಇನ್ನೂ ಕೆಂಪು ಪೆನ್ನು ಹಿಡಿದೇ ಕೂತಿದ್ದೇವೆ.

ಹಾಗಾದರೆ ಗ್ರಾಮರ್ ಬೇಡವಾ ಅಂತ ಕೇಳ್ತೀರಿ. ಖಂಡಿತ ಬೇಕು, ಅರ್ಥ ಕೆಡುವಲ್ಲಿ. "ದ ಕ್ಲೈಂಟ್ ಸೆಡ್ ದಟ್ ಹಿ ಪೇಯ್ಡ್ ಆನ್ ಮಂಡೇ." ಸೋಮವಾರ ಹೇಳಿದ್ದೋ, ಸೋಮವಾರ ದುಡ್ಡು ಕೊಟ್ಟಿದ್ದೋ? ಇಂಥ ಈಮೇಲಿನಿಂದ ನಿಜವಾದ ತಕರಾರು ಹುಟ್ಟುತ್ತದೆ. ವ್ಯಾಕರಣ ಸರಿಯಾಗೇ ಇರೋದರಿಂದ ಇದನ್ನು ಯಾರೂ ತಿದ್ದುವುದಿಲ್ಲ! ಕಾನ್ವೆಂಟಿನಲ್ಲಿ ಓದಿದ ನಾವೇ ದಿನಾ ಇಂಥವನ್ನು ಬರೆಯುತ್ತೇವೆ, ನಮಗ್ಯಾರೂ ಮಾರ್ಕ್ಸ್ ಕಟ್ ಮಾಡಲ್ಲ.

ಮಕ್ಕಳಿಗೆ ಕಲಿಸುವುದಿದ್ದರೆ ಬೋರ್ಡಿನ ಮೇಲೆ ಎರಡನ್ನೂ ಅಕ್ಕಪಕ್ಕ ಬರೆಯಿರಿ: 'ನಾಳೆ ಅವನು ಬಂದಾಗ', 'ವೆನ್ ಹಿ ಕಮ್ಸ್ ಟುಮಾರೋ'. ನಮ್ಮಲ್ಲಿ ಮುಂಚೆ, ಅವರಲ್ಲಿ ಆಮೇಲೆ. ಒಂದು ಪೀರಿಯಡ್ ಸಾಕು. ಮನೆಮಾತನ್ನು ಕ್ಲಾಸಿನ ಹೊರಗೆ ನಿಲ್ಲಿಸಿ ಬರೀ 'ರಾಂಗ್' ಅಂದರೆ ಮಗು ಕಲಿಯುವುದು ಒಂದೇ ಪಾಠ: ಬಾಯಿ ಮುಚ್ಕೊಂಡಿರೋದು. ಆಮೇಲೆ ನಾವೇ 'ಈ ಕಡೆಯವರಿಗೆ ಕಾನ್ಫಿಡೆನ್ಸ್ ಇಲ್ಲ' ಅಂತ ಫಾರ್ಮಿನಲ್ಲಿ ಬರೆಯುತ್ತೇವೆ.

ಮುಂದಿನ ಸಲ ಯಾರದಾದರೂ ಇಂಗ್ಲಿಷಿಗೆ ಮಾರ್ಕ್ಸ್ ಕಟ್ ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅವರು ಹೇಳಿದ್ದನ್ನು ನಾನು ತಪ್ಪಾಗಿ ತಿಳಿದೆನಾ? ಇಲ್ಲ ಅಂದರೆ ಪೆನ್ನು ಕೆಳಗಿಡಿ. ನೀವು ಕೆಲಸಕ್ಕೆ ತಗೊಳ್ತಿರೋದು ಮನುಷ್ಯರನ್ನು, ಅವರ ಕ್ರಿಯಾವಿಶೇಷಣಗಳನ್ನಲ್ಲ.